ಗರಡಿಯ ನಾಡಿನಲ್ಲಿ ಎರಡು ದಿನ

ಮೈಸೂರಿನಲ್ಲಿ ವಿಜಯದಶಮಿಯ ದಿನ, ಜಂಬೂಸವಾರಿ ಹೊರಡುವುದಕ್ಕೆ ಮುನ್ನ, ಅರಮನೆಯ ಅಂಗಳದಲ್ಲಿ ಜೆಟ್ಟಿಗಳ ವಜ್ರಮುಷ್ಟಿ ಕಾಳಗವು ನಡೆಯುವುದನ್ನು ವಾಚಕರಲ್ಲಿ ಕೆಲವರಾದರೂ ನೋಡಿರಬಹುದು. ತಲೆಯನ್ನು ಬೋಳಿಸಿಕೊಂಡ ಇಬ್ಬರು ಜೆಟ್ಟಿಗಳು ಬೆರಳುಗಳಿಗೆ ಮೊನೆಯುಳ್ಳ ಆಯುಧವನ್ನು ತೊಟ್ಟು ಎದುರೆದುರು ನಿಲ್ಲುತ್ತಾರೆ. ಒಬ್ಬನ ತಲೆಯಲ್ಲಿ ನೆತ್ತರು ಕಾಣಿಸಿಕೊಂಡಿತೋ, ಕಾಳಗವು ಮುಗಿಯಿತು. ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಕೆಲವೊಮ್ಮೆ ಎಲ್ಲವೂ ಆಗಿಹೋಗುವುದುಂಟು. ಹಿಂದೆ ಅರಸರ ಆಶ್ರಯದಲ್ಲಿ ಬೆಳೆದ ಈ ವಿದ್ಯೆಯು ಇಂದೂ ವರ್ಷಕ್ಕೊಂದು ದಿನ ಉಸಿರಾಡುತ್ತಿದೆ. ಹಾಗಾದರೆ ಹಡಗು, ಕೋಟೆ, ಪಾಳೆಯಗಳೆಲ್ಲವನ್ನೂ ಕಂಡ ನಮ್ಮ ಕರಾವಳಿಯಲ್ಲಿ ಕೈಗೆ ಕೈ ಹತ್ತಿಸಿ ಕಾದುವ ಆ ವಿದ್ಯೆ ಎಲ್ಲಿ ಹೋಯಿತು? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಂಕ್ರಾಂತಿ ಕಳೆದ ಮೇಲೆ, ನೇಮಗಳೂ ಬಯಲಾಟಗಳೂ ನಡೆಯುವ ಕಾಲದಲ್ಲಿ, ನಾವು ಬ್ರಹ್ಮಾವರ, ಕುಂದಾಪುರ, ಬೈಂದೂರುಗಳ ಕಡೆಗೆ ಹೊರಟೆವು.

ಉಡುಪಿಯಿಂದ ಬಡಗಣಕ್ಕೆ ಹೊರಟವರಿಗೆ ಬ್ರಹ್ಮಾವರದಲ್ಲಿ ಮಾತು ಬದಲಾಗುವುದು ಕಿವಿಗೆ ಬೀಳುತ್ತದೆ. ತೆಂಕಣಿಂದ ಬಂದ ತುಳುವೂ ಬಡಗಣಿಂದ ಬಂದ ಕುಂದಾಪುರದ ಕನ್ನಡವೂ ಇಲ್ಲಿಯ ಸಂತೆಯಲ್ಲಿ ಒಂದೇ ತಕ್ಕಡಿಯ ಮುಂದೆ ನಿಂತು ವ್ಯಾಪಾರ ಮಾಡುತ್ತವೆ. ತುಳುವಿನೊಂದಿಗೆ ಗರಡಿಯೂ, ಕನ್ನಡದೊಂದಿಗೆ ಬಡಗುತಿಟ್ಟಿನ ಯಕ್ಷಗಾನವೂ ಬಂದು ಇಲ್ಲಿ ಕೂಡಿವೆ. ನಾವು ಹುಡುಕಿಕೊಂಡು ಹೋದ ವಸ್ತುವಿನ ಎರಡು ಕವಲುಗಳೂ ಹೀಗೆ ಒಂದೇ ಊರಿನ ಸುತ್ತಿನಲ್ಲಿ ದೊರೆತುದು ನಮ್ಮ ಭಾಗ್ಯ.

ಮೊದಲು ಬಾರಕೂರಿಗೆ ಹೋದೆವು. ಇಂದು ಅದು ಗದ್ದೆ ತೋಟಗಳ ನಡುವೆ ಹರಡಿಕೊಂಡಿರುವ ಸದ್ದಿಲ್ಲದ ಊರು. ಆಳುಪ ಅರಸರ ರಾಜಧಾನಿಯಾಗಿ, ಬಳಿಕ ವಿಜಯನಗರದವರ ಬಾರಕೂರು ರಾಜ್ಯದ ಮುಖ್ಯಪಟ್ಟಣವಾಗಿ ಮೆರೆದ ಸ್ಥಳವಿದು ಎಂಬುದನ್ನು ಈಗ ಕೇರಿಗಳ ಹೆಸರೇ ಹೇಳಬೇಕು: ಕೋಟೆಕೇರಿ, ಚೌಳಿಕೇರಿ, ಮೂಡುಕೇರಿ, ಮಣಿಗಾರಕೇರಿ, ಭಂಡಾರಕೇರಿ. ದಿನಕ್ಕೊಂದರಂತೆ ಇಲ್ಲಿ ೩೬೫ ದೇವಾಲಯಗಳಿದ್ದುವೆಂದು ಜನರು ಹೇಳುತ್ತಾರೆ. ಎಣಿಸುವ ಸಾಹಸಕ್ಕೆ ನಾವು ಕೈಹಾಕಲಿಲ್ಲ. ಮೊರಾಕೋ ದೇಶದ ಯಾತ್ರಿಕನಾದ ಇಬ್ನ್ ಬತೂತನು ೧೪ನೆಯ ಶತಮಾನದಲ್ಲಿ ಇಲ್ಲಿಗೆ ಬಂದಿದ್ದನು. ಈ ಊರನ್ನು ಅವನು ‘ಫಾಕನೂರ್’ ಎಂದು ಕರೆದು, ಇಲ್ಲಿಯ ಅರಸನಲ್ಲಿ ಸುಮಾರು ೩೦ ಯುದ್ಧನೌಕೆಗಳಿದ್ದುವೆಂದೂ ಅವುಗಳ ನಾಯಕನು ಲೂಲಾ ಎಂಬ ಮುಸಲ್ಮಾನನೆಂದೂ ಬರೆದಿಟ್ಟಿದ್ದಾನೆ. ಅದೇ ಶತಮಾನದಲ್ಲಿ ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿತಾಯಿಯು ಇಲ್ಲಿ ಅಧಿಕಾರ ನಡೆಸಿದಳು. ಒಬ್ಬ ಹೆಂಗಸು ಆಳಿದ ಪಟ್ಟಣ, ಅದಕ್ಕೆ ನೌಕಾಬಲ. ಹಡಗಿನಿಂದ ಹಡಗಿಗೆ ಹಾರಿ ಕಾದುವ ಆ ಕಾಲದ ಸಮುದ್ರಯುದ್ಧದಲ್ಲಿ ದೂರದ ಬಿಲ್ಲಿಗಿಂತ ಹತ್ತಿರದ ಚೂರಿಯೇ ಕೊನೆಯ ಮಾತನ್ನು ಆಡುತ್ತಿದ್ದಿತು.

ಆ ಕಾಳಗಗಳ ಚಿತ್ರವನ್ನು ನೋಡಬೇಕೆಂದರೆ ವೀರಗಲ್ಲುಗಳ ಮುಂದೆ ಕುಕ್ಕರುಗಾಲಿನಲ್ಲಿ ಕೂರಬೇಕು. ಸಾಮಾನ್ಯವಾಗಿ ವೀರಗಲ್ಲಿನಲ್ಲಿ ಮೂರು ಅಂತಸ್ತುಗಳು: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ನಮ್ಮ ಕಣ್ಣು ಮೇಲಿನ ಸ್ವರ್ಗಕ್ಕೆ ಬೇಗ ಏರಿಬಿಡುತ್ತದೆ. ಆದರೆ ಶಿಲ್ಪಿಯು ಹೆಚ್ಚು ಶ್ರಮಪಟ್ಟಿರುವುದು ಕೆಳಗಿನ ಪಟ್ಟಿಕೆಯಲ್ಲಿಯೇ. ಒಂದು ಕಾಲನ್ನು ಮುಂದಿಟ್ಟು, ಮೊಣಕಾಲನ್ನು ಬಾಗಿಸಿ, ಗುರಾಣಿಯನ್ನು ಎದೆಯ ಮಟ್ಟಕ್ಕೆ ಹಿಡಿದು, ಕತ್ತಿಯ ತೋಳನ್ನು ಹಿಂದಕ್ಕೆ ಸೆಳೆದು ನಿಂತ ನಿಲವು. ಅದನ್ನು ಕಲ್ಲುಕುಟಿಗನು ಮನಸ್ಸಿನಿಂದ ಕಲ್ಪಿಸಿಕೊಂಡುದಲ್ಲ, ಯಾವುದೋ ಅಂಗಣದಲ್ಲಿ ಕಣ್ಣಾರೆ ಕಂಡುದು. ಈ ನಿಲವನ್ನು ವಾಚಕರು ನೆನಪಿನಲ್ಲಿಡಬೇಕು. ಅದೇ ದಿನ ರಾತ್ರಿ ಅದು ನಮಗೆ ಮತ್ತೆ ಎದುರಾಯಿತು.

ಬ್ರಹ್ಮಾವರದ ಸುತ್ತಿನ ಹಳ್ಳಿಗಳಲ್ಲಿ ಬೈದೆರ್ಕಳ ಗರಡಿಗಳುಂಟು. ಬಯಲುಸೀಮೆಯ ಕಡೆಯಲ್ಲಿ ‘ಗರಡಿ’ ಎಂದರೆ ಕೆಮ್ಮಣ್ಣಿನ ಅಖಾಡ, ಗದೆ, ಲೋಡು, ಸಾಮು ತೆಗೆಯುವ ಹುಡುಗರು. ಇಲ್ಲಿ ಗರಡಿಯೆಂದರೆ ದೇವಸ್ಥಾನ. ಸಂಸ್ಕೃತದಲ್ಲಿ ‘ಖಲೂರಿಕಾ’ ಎಂದರೆ ಆಯುಧಾಭ್ಯಾಸದ ಸ್ಥಳ. ಗರಡಿಯೂ ಮಲೆಯಾಳದ ಕಳರಿಯೂ ಆ ಮಾತಿಗೆ ಸಂಬಂಧಪಟ್ಟವೆಂದು ಕೆಲವು ವಿದ್ವಾಂಸರು ಹೇಳುತ್ತಾರೆ. ಪದದ ಮೂಲವು ಏನಾದರೂ ಇರಲಿ, ಅಭ್ಯಾಸದ ಮನೆಯು ಪೂಜೆಯ ಮನೆಯಾದ ಸಂಗತಿಯು ಕಣ್ಣೆದುರಿಗೇ ಇದೆ. ಒಳಗೆ ಬೆರ್ಮರು, ಅವರ ಬಳಿಯಲ್ಲಿ ಅವಳಿ ವೀರರಾದ ಕೋಟಿ ಚೆನ್ನಯರು, ಮಾಯಂದಾಲೆಂಬ ದೇವಿ, ಮತ್ತು ಅವರೆಲ್ಲರ ಸಂಗಡ ಒಪ್ಪವಾಗಿಟ್ಟ ಸುರಿಗೆಗಳು. ಸುರಿಗೆಯೆಂದರೆ ಗೇಣುದ್ದಕ್ಕಿಂತ ಸ್ವಲ್ಪ ದೊಡ್ಡದಾದ ಇಬ್ಬಾಯಿಯ ಚೂರಿ. ದೂರದಿಂದ ಎಸೆಯುವ ಆಯುಧವಲ್ಲ ಅದು. ಎದುರಾಳಿಯ ಉಸಿರು ಮುಖಕ್ಕೆ ತಾಗುವಷ್ಟು ಹತ್ತಿರ ಬಂದವನಿಗೆ ಮಾತ್ರ ಅದರಿಂದ ಪ್ರಯೋಜನ.

ಕೋಟಿ ಚೆನ್ನಯರ ಕಥೆಯನ್ನು ತುಳುವರು ಪಾಡ್ದನಗಳಲ್ಲಿ ಹಾಡಿಕೊಂಡು ಬಂದಿದ್ದಾರೆ. ಪಂಜೆ ಮಂಗೇಶರಾಯರು ಅದನ್ನು ಕನ್ನಡದ ಮಕ್ಕಳಿಗೂ ತಲಪಿಸಿದರು. ಪಡುಮಲೆಯ ಬಲ್ಲಾಳನ ಗಾಯವನ್ನು ಮದ್ದಿನಿಂದ ವಾಸಿಮಾಡಿದ ದೇಯಿ ಬೈದೆತಿಯು ಇವರ ತಾಯಿ. ಇದನ್ನು ಮನೆಯ ಹೆಂಗಸರು ಗಮನಿಸಬೇಕು. ಗಾಯ ಮಾಡುವ ವಿದ್ಯೆಯೂ ಗಾಯ ಮಾಯಿಸುವ ವಿದ್ಯೆಯೂ ಒಂದೇ ಮನೆಯ ಕಥೆಯಲ್ಲಿ ಸೇರಿರುವುದು ಬರಿಯ ಆಕಸ್ಮಿಕವಲ್ಲ. ಕೇರಳದ ಕಳರಿಯಲ್ಲಿಯೂ ಕತ್ತಿ ಕಲಿಸುವ ಗುರುವೇ ಮರ್ಮವನ್ನು ಬಲ್ಲ ವೈದ್ಯನು, ಎಣ್ಣೆ ತಿಕ್ಕಿ ಉಳುಕು ತೆಗೆಯುವವನು. ಎಣ್ಮೂರಿನ ಯುದ್ಧದಲ್ಲಿ ಕೋಟಿಯು ಬಿದ್ದುದು ಎದುರಿನ ಕತ್ತಿಯಿಂದಲ್ಲ, ಹಿಂದಿನಿಂದ ಬಂದ ಬಾಣದಿಂದ. ಅಣ್ಣನು ಬಿದ್ದುದನ್ನು ಕಂಡ ಚೆನ್ನಯನು ಕಲ್ಲಿಗೆ ತಲೆಯನ್ನು ಅಪ್ಪಳಿಸಿಕೊಂಡು ಪ್ರಾಣಬಿಟ್ಟನು. ಎದುರು ನಿಂತು ಕಾದುವವನನ್ನು ಸೋಲಿಸಲಾರದೆ ಬೆನ್ನಿಗೆ ಹೊಡೆದರೆಂಬ ನೋವು ಆ ಪಾಡ್ದನದ ಉದ್ದಕ್ಕೂ ಮಿಡಿಯುತ್ತದೆ.

ನೇಮದ ರಾತ್ರಿಯಲ್ಲಿ ಗರಡಿಯ ಅಂಗಳವನ್ನು ನೋಡಬೇಕು. ದೀವಟಿಗೆಯ ಬೆಳಕಿನಲ್ಲಿ ದರ್ಶನದ ಪಾತ್ರಿಗಳು ಸುರಿಗೆಯನ್ನು ಹಿಡಿದು ಆವೇಶದಿಂದ ಮುನ್ನುಗ್ಗುತ್ತಾರೆ. ಕೈಯ ಸುರಿಗೆಯು ತಮ್ಮ ಎದೆಯ ಕಡೆಗೇ ತಿರುಗಿ ಬರುತ್ತದೆ. ನೋಡುವವರ ಎದೆ ಝಲ್ಲೆನ್ನುವ ಹೊತ್ತಿಗೆ ಅದು ನಿಲ್ಲುತ್ತದೆ. ಆವೇಶವು ದೈವದ್ದೆಂದು ಭಕ್ತರು ನಂಬುತ್ತಾರೆ. ಅದರ ಮೇಲೆ ವಾದ ಮಾಡುವುದು ನಮ್ಮ ಕೆಲಸವಲ್ಲ. ನಾವು ಕಂಡುದು ಆ ಮಣಿಕಟ್ಟಿನ ಹಿಡಿತವನ್ನು. ಚೂರಿಯನ್ನು ಬೀಸುವುದಕ್ಕಿಂತ ಬೀಸಿದ ಚೂರಿಯನ್ನು ತಡೆದು ನಿಲ್ಲಿಸುವುದು ಕಷ್ಟ. ಇಲ್ಲಿಯ ಹಿರಿಯರೊಬ್ಬರನ್ನು, “ಅಜ್ಜ, ಇಲ್ಲಿ ಹುಡುಗರು ಸಾಮು ಮಾಡುತ್ತಿದ್ದುದುಂಟೇ?” ಎಂದು ಕೇಳಿದೆವು. ತಮ್ಮ ಕಾಲದಲ್ಲಿ ಇರಲಿಲ್ಲ, ತಮ್ಮ ಅಜ್ಜನ ಕಾಲದಲ್ಲಿ ಇದ್ದಿತೆಂದು ಕೇಳಿದ್ದೇವೆ, ಎಂದರು. ಅಂಗಳಕ್ಕೆ ಈಗ ನುಣುಪಾದ ಕಲ್ಲನ್ನು ಹಾಸಿದ್ದಾರೆ. ಭಕ್ತರ ಕಾಲಿಗೆ ಅದು ಅನುಕೂಲವೇ. ಆದರೆ ಬಿದ್ದು ಎದ್ದು ಕಲಿಯಬೇಕಾದವನಿಗೆ ಕಲ್ಲಿನ ನೆಲವು ಆಗಿಬರುವುದಿಲ್ಲ.

ಅಭ್ಯಾಸವು ಯಾವಾಗ ನಿಂತಿತು? ೧೭೯೯ರಲ್ಲಿ ಟಿಪ್ಪುವು ಮಡಿದ ಬಳಿಕ ಕನ್ನಡ ಜಿಲ್ಲೆಯು ಕಂಪೆನಿಯ ಕೈಸೇರಿತು. ಊರ ಬಲ್ಲಾಳರಿಗೆ ಪಡೆಯನ್ನು ಸಾಕುವ ಕೆಲಸವೂ ಇಲ್ಲವಾಯಿತು, ಸಾಕುವ ಹುಟ್ಟುವಳಿಯೂ ಇಲ್ಲವಾಯಿತು. ೧೮೭೮ರ ಆಯುಧ ಶಾಸನವು ಉಳಿದುದನ್ನು ಮುಗಿಸಿತು. ಆ ಶಾಸನದಿಂದ ಕೊಡಗಿನವರಿಗೆ ವಿನಾಯಿತಿ ದೊರೆತುದರಿಂದ ಅವರ ಮನೆಗಳಲ್ಲಿ ಕೋವಿಯೂ ಒಡಿಕತ್ತಿಯೂ ಉಳಿದುವು. ಕೈಲ್‌ಪೊಳ್ದಿನ ದಿನ ಅವಕ್ಕೆ ಹೂವು ಏರಿಸುತ್ತಾರೆ. ನಮ್ಮ ಕರಾವಳಿಯ ಆಯುಧಪೂಜೆಯಲ್ಲಿ ಹೂವು ಬೀಳುವುದು ಬಸ್ಸಿಗೆ, ಮೀನಿನ ದೋಣಿಯ ಯಂತ್ರಕ್ಕೆ, ಅಕ್ಕಿಯ ಗಿರಣಿಗೆ. ‘ಬಂಟ’ ಎಂಬ ಮಾತಿಗೆ ವೀರನೆಂಬ ಅರ್ಥವಿರುವುದನ್ನು ಈಗ ನಿಘಂಟಿನಲ್ಲಿ ನೋಡಿ ನೆನಪು ಮಾಡಿಕೊಳ್ಳಬೇಕಾಗಿದೆ. ಕೇರಳದಲ್ಲಿಯೂ ಕಳರಿಯು ಹೀಗೆಯೇ ಸೊರಗಿದ್ದಿತು. ಕಳೆದ ಶತಮಾನದ ಎರಡು ಮೂರನೆಯ ದಶಕಗಳಲ್ಲಿ ತಲಚ್ಚೇರಿಯ ಕಡೆಯ ಕೆಲವರು ಮುದಿಗುರುಗಳನ್ನು ಹುಡುಕಿ ಹಿಡಿದು ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಇಲ್ಲಿ ಅಂತಹವರು ಹುಟ್ಟಲಿಲ್ಲ. ಅಥವಾ, ಹುಟ್ಟಿದವರು ಬೇರೊಂದು ಕಡೆಯಲ್ಲಿ ಕೆಲಸ ಮಾಡಿದರು.

ಆ ಬೇರೊಂದು ಕಡೆಯೇ ರಂಗಸ್ಥಳ. ಬ್ರಹ್ಮಾವರದ ಮಗ್ಗುಲಲ್ಲಿರುವ ಹಾರಾಡಿ, ಮಟಪಾಡಿ ಎಂಬ ಎರಡು ಹಳ್ಳಿಗಳ ಹೆಸರನ್ನು ಬಡಗುತಿಟ್ಟಿನ ರಸಿಕರು ಗೌರವದಿಂದ ಹೇಳುತ್ತಾರೆ. ಹಾರಾಡಿಯ ಕುಣಿತ, ಮಟಪಾಡಿಯ ಕುಣಿತ ಎಂದು ಎರಡು ದಾರಿಗಳೇ ಆಗಿಹೋಗಿವೆ. ಹಾರಾಡಿ ರಾಮ ಗಾಣಿಗರ ವೀರವೇಷಗಳನ್ನು ಕಂಡವರು ಈಗ ಅಪರೂಪ. ಕಂಡವರ ಮಾತನ್ನು ಕೇಳಿದವರು ಇದ್ದಾರೆ. ಮಟಪಾಡಿಯ ವೀರಭದ್ರ ನಾಯಕರು ಹೆಜ್ಜೆಯ ಗುರುಗಳೆನಿಸಿಕೊಂಡವರು. ಏರುಮದ್ದಳೆಗೆ ಹೆಸರಾದ ಹಿರಿಯಡಕ ಗೋಪಾಲರಾಯರು ಅವರ ಕಾಲದ ಕುಣಿತವನ್ನು ಬೆರಳಿನಲ್ಲಿ ಉಳಿಸಿಕೊಂಡಿದ್ದು, ನೂರು ವರ್ಷ ಬಾಳಿ, ೨೦೨೦ರಲ್ಲಿ ತೀರಿಕೊಂಡರು.

ಬಡಗುತಿಟ್ಟಿನ ಯುದ್ಧಕುಣಿತವನ್ನು ಬರಿಯ ಅಲಂಕಾರವೆಂದು ತಿಳಿಯಬಾರದು. ಭಾಗವತರು ಏರುಪದವನ್ನು ಎತ್ತುತ್ತಾರೆ, ಚಂಡೆ ಮೊಳಗುತ್ತದೆ. ಇಬ್ಬರು ವೇಷಧಾರಿಗಳು ಎದುರಾಗಿ, ಒಬ್ಬರ ಕಣ್ಣನ್ನು ಒಬ್ಬರು ಬಿಡದೆ, ಸುತ್ತು ಬರುತ್ತಾರೆ, ಸ್ಥಳ ಬದಲಿಸುತ್ತಾರೆ, ಹಿಂಜರಿದು ಮತ್ತೆ ಮೇಲೆ ಬೀಳುತ್ತಾರೆ. ಆಯುಧವು ಮೈಗೆ ತಾಗುವುದಿಲ್ಲ. ತಾಗಿತೆಂಬ ನಂಬಿಕೆ ಮಾತ್ರ ನಮಗೆ ಉಂಟಾಗುತ್ತದೆ. ನೆಲಕ್ಕೆ ಮೊಣಕಾಲೂರಿ ಚಕ್ರದಂತೆ ತಿರುಗುವ ಮಂಡಿಯ ಕುಣಿತವಂತೂ ಸಾಮಾನ್ಯ ದೇಹಕ್ಕೆ ಸಾಧ್ಯವಾದುದಲ್ಲ. ಆ ದಿನ ರಾತ್ರಿ ಮೇಳದ ಆಟವೊಂದರಲ್ಲಿ ಅಭಿಮನ್ಯುವಿನ ವೇಷವು ಕಾಲನ್ನು ಮುಂದಿಟ್ಟು, ಮೊಣಕಾಲನ್ನು ಬಾಗಿಸಿ, ತೋಳನ್ನು ಹಿಂದೆ ಸೆಳೆದು ನಿಂತಾಗ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಬಾರಕೂರಿನ ಕಲ್ಲಿನಲ್ಲಿ ಬೆಳಗ್ಗೆ ಕಂಡ ನಿಲವೇ ಅದು. ಗರಡಿಯ ಹುಡುಗನು ಬಯಲಾಟದ ಹುಡುಗನಿಗೆ ಇದನ್ನು ಕಲಿಸಿದನೆಂಬುದಕ್ಕೆ ನಮ್ಮಲ್ಲಿ ಬರಹದ ಸಾಕ್ಷಿಯಿಲ್ಲ. ಆದರೂ ಅರಸರ ಪಡೆಗಳೂ ಬಯಲಾಟವೂ ಒಂದೇ ಊರಿನಲ್ಲಿ ಇದ್ದ ಕಾಲವುಂಟಷ್ಟೆ. ಕುಣಿಯುವವನು ಕಾದುವವನನ್ನು ನೋಡದೆ ಇದ್ದಿರಲಾರನೆಂದು ನಮ್ಮ ಅಭಿಪ್ರಾಯ.

ಮರುದಿನ ಬೆಳಗ್ಗೆ ಹೆಜ್ಜೆ ಕಲಿಸುವ ಗುರುಗಳೊಬ್ಬರ ಮನೆಯಂಗಳದಲ್ಲಿ ಕುಳಿತೆವು. ಹತ್ತು ಹನ್ನೆರಡು ವರ್ಷದ ಹುಡುಗರು, ಅವರಲ್ಲಿ ಇಬ್ಬರು ಹುಡುಗಿಯರು, ತಾಳಕ್ಕೆ ಕಾಲು ಹಾಕುತ್ತಿದ್ದರು. ಒಬ್ಬ ಚುರುಕಾದ ಹುಡುಗನು ಕೋಲನ್ನೇ ಕತ್ತಿಯೆಂದು ಭಾವಿಸಿ ಬೀಸಿದಾಗ ಗುರುಗಳು, “ಕತ್ತಿ ಮತ್ತೆ. ಮೊದ್ಲ್ ನಿಲ್ಲೂಕೆ ಕಲೀಕ್” ಎಂದು ಗದರಿದರು. ಮಂಡಿಯ ಕುಣಿತದ ಮಾತು ಬಂದಾಗ ತಮ್ಮ ಬಾತಿದ ಮೊಣಕಾಲನ್ನು ಸವರಿಕೊಳ್ಳುತ್ತ, “ಮಂಡಿ ಜನಕ್ಕೆ ಬೇಕ್ ಮರಾಯ್ರೆ, ಮಂಡಿಗೆ ಬ್ಯಾಡ” ಎಂದು ನಕ್ಕರು. ಚಪ್ಪಾಳೆಗಾಗಿ ಒಂದೇ ಸಮನೆ ತಿರುಗಿ ತಿರುಗಿ, ನಾಲ್ವತ್ತು ದಾಟುವುದರೊಳಗೆ ಮೆಟ್ಟಲು ಹತ್ತಲಾರದ ಕಲಾವಿದರನ್ನು ಅವರು ಕಂಡಿದ್ದರಂತೆ. ನಗುವು ಅಲ್ಲಿಗೇ ನಿಂತಿತು.

ಅವರ ಚಿಂತೆಯು ಇನ್ನೊಂದು. ಹಿಂದೆ ಆಟವೆಂದರೆ ಇರುಳಿನಿಂದ ಬೆಳಗಿನವರೆಗೆ. ಈಚಿನ ವರ್ಷಗಳಲ್ಲಿ ಕಾಲಮಿತಿಯ ಆಟಗಳು ಹೆಚ್ಚಿವೆ. ರಾತ್ರಿ ಧ್ವನಿವರ್ಧಕಕ್ಕೆ ಕಾನೂನಿನ ಅಡ್ಡಿಯೂ ಉಂಟು, ಮರುದಿನ ಕಚೇರಿಗೆ ಹೋಗಬೇಕಾದ ಪ್ರೇಕ್ಷಕರ ಅವಸರವೂ ಉಂಟು. ಅವಸರವನ್ನು ನಾವು ತಪ್ಪೆನ್ನಲಾರೆವು. ನಾವೂ ನಡುರಾತ್ರಿಯ ಬಳಿಕ ತೂಕಡಿಸಿದವರೇ. ಆದರೆ ಹೊತ್ತು ಕಡಿಮೆಯಾದಾಗ ಕತ್ತರಿ ಬೀಳುವುದು ಎಲ್ಲಿಗೆ? ಅರ್ಥಗಾರಿಕೆಯನ್ನು ಬಿಡುವಂತಿಲ್ಲ, ಹಾಸ್ಯವನ್ನು ಜನರು ಬಿಡಗೊಡುವುದಿಲ್ಲ. ಒಡ್ಡೋಲಗವೂ ಯುದ್ಧಕುಣಿತದ ಬೇರೆಬೇರೆ ಬಗೆಗಳೂ ಮೊದಲು ಕರಗುತ್ತವೆ. ಉಳಿಯುವುದು ಸುತ್ತುವ ಮಂಡಿಯೊಂದೇ. ಉಡುಪಿಯಲ್ಲಿ ೧೯೭೧ರಲ್ಲಿ ಆರಂಭವಾದ ಯಕ್ಷಗಾನ ಕೇಂದ್ರದಂತಹ ಶಾಲೆಗಳಲ್ಲಿ ಹಳೆಯ ಹೆಜ್ಜೆಗಳನ್ನು ಕಲಿಸುತ್ತಾರೆ. ಕಲಿತವನು ಮೇಳಕ್ಕೆ ಸೇರಿದ ಮೇಲೆ ಅವನ್ನು ಕುಣಿಯಲು ಎಡೆಯಿಲ್ಲದಿದ್ದರೆ ಹತ್ತು ವರ್ಷದಲ್ಲಿ ಕಾಲು ಮರೆತುಬಿಡುತ್ತದೆ ಎಂದು ಗುರುಗಳು ಹೇಳಿದರು.

ಮಧ್ಯಾಹ್ನದ ಹೊತ್ತಿಗೆ ಕುಂದಾಪುರವನ್ನು ಸೇರಿದೆವು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಎಂಬ ಐದು ಹೊಳೆಗಳು ಒಂದಾಗಿ ಸಮುದ್ರವನ್ನು ಸೇರುವ ಈ ಪಂಚಗಂಗಾವಳಿಯು ನೋಡುವುದಕ್ಕೆ ಎಷ್ಟು ಸೊಗಸೋ ಸೈನ್ಯಗಳಿಗೂ ಅಷ್ಟೇ ಅನುಕೂಲ. ಪೋರ್ತುಗೀಸರು ಇಲ್ಲಿ ಕೋಟೆ ಕಟ್ಟಿದರು. ೧೬೬೫ರಲ್ಲಿ ಶಿವಾಜಿಯು ಸಮುದ್ರದ ಮೇಲೆ ಬಂದು ಸಮೀಪದ ಬಸರೂರನ್ನು ಸೂರೆಗೊಂಡನು. ೧೭೮೩ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸನೆಂಬ ಇಂಗ್ಲಿಷ್ ಸೇನಾನಿಯು ಇಲ್ಲಿ ಇಳಿದು, ಹೊಸಂಗಡಿಯ ಘಟ್ಟವನ್ನು ಹತ್ತಿ, ಹೈದರನ ನಗರವನ್ನು ಹಿಡಿದನು. ಆ ಘಟ್ಟದ ಕಿರುದಾರಿಯಲ್ಲಿ ತೋಪು ಬಂದೂಕುಗಳಿಗಿಂತ ಹೆಚ್ಚು ಕೆಲಸ ಮಾಡಿದುದು ಬಂದೂಕಿನ ಮೊನೆಗೆ ಸಿಕ್ಕಿಸುವ ಬಯೊನೆಟ್ಟೆಂಬ ಚೂರಿ. ಕೆಲವೇ ತಿಂಗಳಲ್ಲಿ ಟಿಪ್ಪುವು ನಗರವನ್ನು ಮರಳಿ ಗೆದ್ದನು. ಮ್ಯಾಥ್ಯೂಸನು ಶ್ರೀರಂಗಪಟ್ಟಣದ ಸೆರೆಯಲ್ಲಿ ಸತ್ತನು.

ಚೂರಿಯ ಕಾಲವು ಅಲ್ಲಿಗೆ ಮುಗಿಯಿತೆಂದು ನಾವೆಲ್ಲರೂ ತಿಳಿದಿದ್ದೆವು. ೨೦೨೦ರ ಜೂನ್ ೧೫ರ ರಾತ್ರಿ ಲಡಾಖಿನ ಗಾಲ್ವಾನ್ ಕಣಿವೆಯಲ್ಲಿ ನಮ್ಮ ೨೦ ಮಂದಿ ಯೋಧರು ಮಡಿದರು. ಅಲ್ಲಿ ಗುಂಡು ಹಾರಲಿಲ್ಲ. ಗಡಿಯ ಬಳಿಯಲ್ಲಿ ಬಂದೂಕು ಬಳಸಬಾರದೆಂದು ಎರಡು ದೇಶಗಳೂ ೧೯೯೬ರಲ್ಲಿ ಒಪ್ಪಂದ ಮಾಡಿಕೊಂಡಿದ್ದುವು. ಆದುದರಿಂದ ಕಲ್ಲು, ದೊಣ್ಣೆ, ಬರಿಗೈಗಳಿಂದ, ಮೈಕೊರೆಯುವ ಹೊಳೆಯ ದಡದಲ್ಲಿ, ಕತ್ತಲೆಯಲ್ಲಿ ಕಾದಿದರು. ಉಪಗ್ರಹಗಳ ಯುಗದಲ್ಲಿಯೂ ಸಿಪಾಯಿಗೆ ಕೊನೆಗೆ ಉಳಿಯುವುದು ತನ್ನ ಕಾಲಿನ ನಿಲವು, ತನ್ನ ತೋಳು. ನಮ್ಮ ಬೆಳಗಾವಿಯಲ್ಲಿ ಕಮಾಂಡೋ ತರಬೇತಿಯನ್ನು ಕೊಡುವ ಸೇನಾಶಾಲೆಯುಂಟು. ಇತ್ತೀಚೆಗೆ ಸೇನೆಯವರು ‘ಅಮರ್’ ಎಂಬ ಹೆಸರಿನಲ್ಲಿ ಬರಿಗೈ ಕಾಳಗದ ಅಭ್ಯಾಸಕ್ರಮವೊಂದನ್ನು ರೂಢಿಗೆ ತಂದು, ಸಮಾರಂಭಗಳಲ್ಲಿ ಅದನ್ನು ಪ್ರದರ್ಶಿಸುವುದೂ ಉಂಟು. ಹಂಚು ಒಡೆಯುವ ಆ ಪ್ರದರ್ಶನಗಳಿಗೆ ಚಪ್ಪಾಳೆ ಬೀಳುತ್ತದೆ. ಹೊಳೆಯ ದಡದ ಆ ರಾತ್ರಿಯನ್ನು ನೆನೆದವನ ಕೈ ಸ್ವಲ್ಪ ತಡೆದು ಚಪ್ಪಾಳೆ ತಟ್ಟೀತು.

ಕುಂದಾಪುರದಿಂದ ಮರವಂತೆಯ ದಾರಿ. ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕೆ. ಇದನ್ನು ಬಣ್ಣಿಸಿದವರು ಬಹಳ ಮಂದಿ ಇರುವುದರಿಂದ ನಾವು ಸುಮ್ಮನಿರುತ್ತೇವೆ. ಕೊಲ್ಲೂರಿನ ಕಡೆಗೆ ತಿರುಗುವಷ್ಟು ಹೊತ್ತಿರಲಿಲ್ಲ. ಆ ದೇವಿಗೆ ತಮಿಳುನಾಡಿನ ಮುಖ್ಯಮಂತ್ರಿಗಳಾಗಿದ್ದ ಎಂ. ಜಿ. ರಾಮಚಂದ್ರನ್ ಅವರು ಚಿನ್ನದ ಕತ್ತಿಯನ್ನು ಕಾಣಿಕೆಯಾಗಿ ಕೊಟ್ಟಿದ್ದಾರೆ. ಬೆಳ್ಳಿತೆರೆಯ ಮೇಲೆ ಕತ್ತಿಯ ಕಾಳಗದಿಂದ ಹೆಸರು ಪಡೆದವರು ಕತ್ತಿಯನ್ನೇ ಒಪ್ಪಿಸಿದುದು ಒಪ್ಪುವ ಮಾತು. ಬೈಂದೂರಿನಲ್ಲಿ ಸೇನೇಶ್ವರ ದೇವಾಲಯವನ್ನು ಕಂಡೆವು. ಹೆಸರಿನಲ್ಲಿ ‘ಸೇನೆ’ಯನ್ನು ಕೇಳಿ ನಮ್ಮ ಕಿವಿ ನೆಟ್ಟಗಾಯಿತಾದರೂ, ಹೆಸರಿನ ಮೇಲೆ ಇತಿಹಾಸವನ್ನು ಕಟ್ಟುವುದು ಜಾಣತನವಲ್ಲವೆಂದು ಕಲ್ಲಿನ ಕೆತ್ತನೆಯನ್ನು ಮಾತ್ರ ಕಣ್ತುಂಬ ನೋಡಿ ಹೊರಬಂದೆವು.

ಸಂಜೆ ಪಡುವರಿಯ ಸೋಮೇಶ್ವರದ ಕಡಲತಡಿಗೆ ನಡೆದೆವು. ತೆರೆಯಂಚಿನ ಗಟ್ಟಿಮರಳಿನಲ್ಲಿ ಏಳೆಂಟು ಮಂದಿ ಹುಡುಗರು ಓಡುತ್ತಿದ್ದರು. ಸೇನೆಯ ಅಗ್ನಿವೀರ ಭರ್ತಿಗೆ ಸಿದ್ಧರಾಗುತ್ತಿರುವವರೆಂದು ವಿಚಾರಿಸಿ ತಿಳಿದೆವು. ೧.೬ ಕಿಲೋಮೀಟರ್ ಓಟ, ಕಂಬಿಗೆ ಜೋತು ಮೈಯನ್ನು ಮೇಲೆಳೆಯುವುದು, ೯ ಅಡಿಯ ಹಳ್ಳವನ್ನು ಹಾರುವುದು, ಅಂಕುಡೊಂಕಾದ ಕಿರುಹಲಗೆಯ ಮೇಲೆ ಬೀಳದೆ ನಡೆಯುವುದು; ಇವು ಅಲ್ಲಿಯ ಪರೀಕ್ಷೆಗಳು. ೨೦೨೨ರಲ್ಲಿ ಬಂದ ಈ ಯೋಜನೆಯಲ್ಲಿ ಸೇರಿದವರಿಗೆ ನಾಲ್ಕು ವರ್ಷದ ಸೇವೆ. ಆ ಬಳಿಕ ಸೇನೆಯಲ್ಲಿ ಉಳಿಯುವವರು ನಾಲ್ವರಲ್ಲಿ ಒಬ್ಬರು. ಮರಳಿನಲ್ಲಿ ಎರಡು ಗೆರೆ ಎಳೆದು ಹಳ್ಳವೆಂದು ಭಾವಿಸಿ ಹಾರುತ್ತಿದ್ದರು. ಅವರಲ್ಲೊಬ್ಬನ ಹಾರಿಕೆಯು ಉಳಿದವರಿಗಿಂತ ಬೇರೆಯಾಗಿದ್ದಿತು. ಮೇಲಕ್ಕೆ ಚಿಮ್ಮಿ, ಬೆನ್ನನ್ನು ನೆಟ್ಟಗಿಟ್ಟು, ಇಳಿಯುವಾಗ ಮೊಣಕಾಲನ್ನು ಮೆತ್ತಗೆ ಬಾಗಿಸಿ, ಸದ್ದಿಲ್ಲದೆ ನಿಲ್ಲುತ್ತಿದ್ದನು. ಎಲ್ಲಿ ಕಲಿತೆಯಪ್ಪ ಎಂದು ಕೇಳಿದೆವು. ಶಾಲೆಯಲ್ಲಿದ್ದಾಗ ಮೂರು ವರ್ಷ ಯಕ್ಷಗಾನದ ಹೆಜ್ಜೆ ಕಲಿತಿದ್ದೆ, ಬಾಲಗೋಪಾಲ ವೇಷ ಕಟ್ಟಿದ್ದೆ, ಎಂದನು. ಈಗ ಬಿಟ್ಟಿದ್ದಾನೆ. ಹೊತ್ತು ಸಾಲದು, ಭರ್ತಿಗೆ ಇನ್ನು ಮೂರು ತಿಂಗಳು ಮಾತ್ರ ಉಳಿದಿದೆಯಂತೆ. ಇಷ್ಟು ಹೇಳಿ ಅವನು ಗೆಳೆಯರೊಂದಿಗೆ ಮತ್ತೊಂದು ಸುತ್ತು ಓಡಲು ಹೊರಟನು.